ಮಂಡಿ ಸಾಫ್ಟ್‌ವೇರ್ ಹೊಸದಾಗಿ ಬರೆದಾಯ್ತು, ಅಂಗಡಿಗಳಿಗೆ ಹೇಗೆ ಕೊಡೋದು?

ಪ್ರಶ್ನೆ, ತುಮಕೂರು: ಅಡಿಕೆ ಮಂಡಿ ಲೆಕ್ಕದ ನಮ್ಮ ಸಾಫ್ಟ್‌ವೇರ್ ವಿಬಿ 6 (ವಿಷುಯಲ್ ಬೇಸಿಕ್, ಹಳೇ ಪ್ರೋಗ್ರಾಮಿಂಗ್ ಭಾಷೆ) ಮತ್ತು ಆಕ್ಸೆಸ್ ಡೇಟಾಬೇಸ್‌ನಲ್ಲಿತ್ತು. ಪೂರ್ತಿ ಹೊಸದಾಗಿ ಬರೆದಿದ್ದೇವೆ, ಬ್ರೌಸರ್‌ನಲ್ಲಿ ನಡೆಯುತ್ತೆ. 40 ಅಂಗಡಿಗೂ ಏಪ್ರಿಲ್ 1ಕ್ಕೇ ಹಾಕಿ ಹಳೇದು ನಿಲ್ಲಿಸೋಣ ಅಂತಿದ್ದೇವೆ. ತಿಳಿದವರು ಹೇಳಿ.

ಕೋಲಾರದಿಂದ: ಹಳೇದು ನಿಲ್ಲಿಸಬೇಡಿ ಸರ್. 2011ರ ಜೂನ್‌ನಲ್ಲಿ ಆಪಲ್ ತನ್ನ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರನ್ನು ಹೊಸದಾಗಿ ಬರೆದು ಫೈನಲ್ ಕಟ್ ಪ್ರೊ ಎಕ್ಸ್ ಅಂತ ತಂದಾಗ ಹಳೇ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುತ್ತಿರಲಿಲ್ಲ, ಮಲ್ಟಿಕ್ಯಾಮ್ (ಹಲವು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಎಡಿಟ್ ಮಾಡೋ ಸೌಲಭ್ಯ) ಇರಲಿಲ್ಲ. ಹಳೇದರ ಮಾರಾಟವನ್ನೂ ಆಗಲೇ ನಿಲ್ಲಿಸಿದ್ದರು. ವೃತ್ತಿಪರ ಎಡಿಟರ್‌ಗಳು ತಿರುಗಿಬಿದ್ದರು. ಮಲ್ಟಿಕ್ಯಾಮ್ ಬಂದಿದ್ದು 2012ರ ಜನವರಿಯಲ್ಲಿ. ಅಡೋಬಿ 2017ರಲ್ಲಿ ಫೋಟೋ ಎಡಿಟಿಂಗ್‌ಗೆ ಹೊಸ ಲೈಟ್‌ರೂಮ್ ತಂದಾಗ ಹಳೇದನ್ನು ‘ಕ್ಲಾಸಿಕ್’ ಅಂತ ಹೆಸರಿಟ್ಟು ಉಳಿಸಿಕೊಂಡಿತು. ನಿಮಗೆ ಆ ದಾರಿಯೇ ಸರಿ. ಹೊಸದರಲ್ಲಿ ಯಾವ ರಿಪೋರ್ಟ್ ಬೇಡ ಅಂತ ತೀರ್ಮಾನಿಸುವ ಮುಂಚೆ ಇಡೀ 12 ತಿಂಗಳ ಬಳಕೆ ನೋಡಿ. ವರ್ಷಕ್ಕೊಮ್ಮೆ ಆಡಿಟರ್‌ಗೆ ಕೊಡುವ ಪಟ್ಟಿ ಮೂರು ತಿಂಗಳ ಲೆಕ್ಕದಲ್ಲಿ ಕಾಣೋದೇ ಇಲ್ಲ.

ಚಿಕ್ಕಬಳ್ಳಾಪುರದಿಂದ: ಏಪ್ರಿಲ್ 1 ನೋಡೋಕೆ ಅನುಕೂಲ, ಆದರೆ ಬೇಡ. ಮಾರ್ಚ್‌ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಏಪ್ರಿಲ್ 11ಕ್ಕೆ, ತೆರಿಗೆ ಕಟ್ಟೋ ರಿಟರ್ನ್ 3ಬಿ 20ಕ್ಕೆ ಕೊಡಬೇಕು. ಗುಮಾಸ್ತರಿಗೆ ಹೊಸದು ಕಲಿಯೋಕೆ ಪುರುಸೊತ್ತು ಎಲ್ಲಿ? ಮೇ ಕೊನೆಗೆ ಎರಡೇ ಅಂಗಡಿಯಲ್ಲಿ ಶುರು ಮಾಡಿ. ಒಂದು ಪೂರ್ತಿ ತಿಂಗಳು ಹಳೇ, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಎಂಟ್ರಿ ಮಾಡಿಸಿ, ಬಿಲ್ ಮಾತ್ರ ಹಳೇದರಿಂದಲೇ ಹೋಗಲಿ. ಪ್ರತಿ ಸಂಜೆ ಕಮಿಷನ್, ಹಮಾಲಿ, ರೈತರ ಬಾಕಿ ತಾಳೆ ನೋಡಿ.

ಒಂದು ರೂಪಾಯಿ ವ್ಯತ್ಯಾಸ ಬಂದೇ ಬರುತ್ತೆ. ವಿಬಿ 6ರ ರೌಂಡ್ (ಪೂರ್ಣಾಂಕಕ್ಕೆ ತರೋ ಫಂಕ್ಷನ್) ಅರ್ಧ ಸಿಕ್ಕರೆ ಸಮಸಂಖ್ಯೆ ಕಡೆ ಹೋಗುತ್ತೆ: 2.5 ಇದ್ದರೆ 2, 3.5 ಇದ್ದರೆ 4. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ರೌಂಡ್ ಮಾಡಿದರೆ 2.5 ಅಂದರೆ 3. ಹೊಸದರಲ್ಲೂ ಹಳೇ ಕ್ರಮವನ್ನೇ ಇಡಿ. ಇಲ್ಲದಿದ್ದರೆ ಹಳೇ ಖಾತೆ ಯಾವುದೂ ಕೂಡೋಲ್ಲ.

ರೈತರ ಹೆಸರುಗಳು ನುಡಿ ಆಸ್ಕಿಯಲ್ಲಿ (ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟ್ ಕ್ರಮ) ಇವೆಯಾ? ಅದರಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಪರಿವರ್ತನೆ ತಪ್ಪಿದರೆ ‘ಮೂರ್ತಿ’, ‘ಪಾರ್ವತಮ್ಮ’ ಹುಡುಕಿದರೆ ಸಿಗೋಲ್ಲ. ಸಿಗಲಿಲ್ಲ ಅಂತ ಗುಮಾಸ್ತರು ಇನ್ನೊಂದು ಖಾತೆ ತೆರೀತಾರೆ, ಒಬ್ಬರ ಬಾಕಿ ಎರಡು ಕಡೆ ಹರಿದುಹೋಗುತ್ತೆ. ಆಮೇಲೆ ಸರಿಪಡಿಸೋದು ಬಹಳ ಕಷ್ಟ. ಅರ್ಕಾವತ್ತು ಇರೋ ಹೆಸರುಗಳನ್ನೆಲ್ಲ ಬೇರೆ ತೆಗೆದು ಕಣ್ಣಲ್ಲೇ ಓದಿ ನೋಡಿ.

ತಿಪಟೂರಿನಿಂದ: ಪ್ರಿಂಟರ್ ಮರೀಬೇಡಿ. ಬ್ರೌಸರ್‌ನಿಂದ ಡಾಟ್ ಮ್ಯಾಟ್ರಿಕ್ಸ್‌ಗೆ ಕಳಿಸಿದರೆ ಪುಟ ಚಿತ್ರವಾಗಿ ಹೋಗುತ್ತೆ, ಎಳೆದು ಎಳೆದು ಬರುತ್ತೆ, ಹರಾಜಿನ ಹೊತ್ತಲ್ಲಿ ರೈತರು ಸಾಲಲ್ಲಿ ನಿಲ್ಲಬೇಕಾಗುತ್ತೆ. ಅಂಗಡಿ ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಟ್ಟು ಪ್ರಿಂಟರ್‌ಗೆ ನೇರ ಅಕ್ಷರ ಕಳಿಸಿ. ಕನ್ನಡದ ಸಾಲು ಮಾತ್ರ ಚಿತ್ರವಾಗಿ ಹೋಗಲಿ. ಎಂಟರ್ ಒತ್ತಿದರೆ ಮುಂದಿನ ಕಾಲಂಗೆ ಹೋಗಬೇಕು. ಮೌಸ್ ಮುಟ್ಟದೆ 50 ಚೀಲದ ತೂಕ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಹೊಸದಕ್ಕೆ ಹೋದ ಮೇಲೆ ಕೈಕೊಟ್ಟರೆ ವಾಪಸ್ ಬರೋದು ಹೇಗೆ ಸರ್?

ಚಿಕ್ಕಬಳ್ಳಾಪುರದಿಂದ: ಹೊಸದರಿಂದ ಹಳೇ ಆಕ್ಸೆಸ್ ಫೈಲ್‌ಗೆ ಪ್ರತಿ ರಾತ್ರಿ ಡೇಟಾ ಬರೆಯುವ ಪ್ರೋಗ್ರಾಂ ಮೊದಲೇ ಮಾಡಿ, ಮೂರು ತಿಂಗಳು ಓಡಿಸಿ. ಅದಿಲ್ಲದಿದ್ದರೆ ಹತ್ತನೇ ದಿನಕ್ಕೆ ವಾಪಸ್ ದಾರಿ ಮುಚ್ಚಿರುತ್ತೆ. ಹೊಸದರ ಬಿಲ್‌ಗೆ ಬೇರೆ ಸರಣಿ ಕೊಡಿ, ನಂಬರ್ 16 ಅಕ್ಷರ ದಾಟಬಾರದು. ಹಳೇದನ್ನು ಓದೋಕೆ ಮಾತ್ರ ಅಂತ ಒಂದು ಕಂಪ್ಯೂಟರ್‌ನಲ್ಲಿ ಉಳಿಸಿ: ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಲೇಬೇಕು.