ಒಂದೇ ಗಡಿಯಾರ ಸಾಲದಾ?

ಶ್ರೀಧರ ಮಾವ: (ಫಾರ್ವರ್ಡ್) ಬೆಂಗಳೂರಿಗೂ ಬಂತು ಪರಮಾಣು ಗಡಿಯಾರ! ಇನ್ನು ದೇಶದ ಸಮಯಕ್ಕೆ ದೆಹಲಿ ಬೇಕಿಲ್ಲ!! ಎಲ್ಲ ಗುಂಪಿಗೂ ಕಳುಹಿಸಿ 🙏🙏

ರೇಖಾ: ಮಾವ, ಇದು ಅರ್ಧ ನಿಜ. (ಪರಮಾಣು ಗಡಿಯಾರ ಅಂದರೆ ಪರಮಾಣುಗಳ ಕಂಪನ ಎಣಿಸಿ ಸಮಯ ಹೇಳುವುದು.) ನಮ್ಮ ದೇಶದ ಸಮಯ ನೋಡಿಕೊಳ್ಳುವುದು ಈಗಲೂ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೇ. ಅದನ್ನು ಹಂಚಲು ಐದು ಊರು ಆರಿಸಿದ್ದಾರೆ, ಬೆಂಗಳೂರು ಅದರಲ್ಲೊಂದು. ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ಗಡಿಯಾರಗಳೂ ಇವೆ, ಅವು ನಾವಿಕ್ (ಜಿಪಿಎಸ್ ಥರ ದಾರಿ ತೋರಿಸುವ ನಮ್ಮದೇ ವ್ಯವಸ್ಥೆ) ಉಪಗ್ರಹಗಳಿಗೆ. ದೆಹಲಿಯಲ್ಲೂ ಒಂದನ್ನೇ ನಂಬಿ ಕೂತಿಲ್ಲ. ಹಲವನ್ನು ಸೇರಿಸಿ ಲೆಕ್ಕ ಹಾಕುತ್ತಾರೆ.

ಪ್ರಸಾದ್ ಚಿಕ್ಕಪ್ಪ: ಒಳ್ಳೆಯದರ ಜೊತೆ ಕೆಟ್ಟದ್ದನ್ನು ಸೇರಿಸಿ ಸರಾಸರಿ ತೆಗೆದರೆ ಒಳ್ಳೆಯದೂ ಕೆಡುತ್ತದೆ. ಇರುವುದರಲ್ಲಿ ಚೆನ್ನಾಗಿರೋದನ್ನು ಒಂದು ಇಟ್ಟುಕೊಂಡರೆ ಆಯಿತಪ್ಪ.

ರೇಖಾ: ಅದು ಕೆಟ್ಟರೆ ಹೇಗೆ ಗೊತ್ತಾಗುತ್ತದೆ? ಎರಡಿದ್ದರೆ ವ್ಯತ್ಯಾಸ ಕಾಣುತ್ತದೆ, ತಪ್ಪು ಯಾವುದರದ್ದು ಅಂತ ಕಾಣಲ್ಲ. ಮೂರಾದರೂ ಬೇಕು. ನಾವಿಕ್‌ನ ಮೊದಲ ಉಪಗ್ರಹದಲ್ಲಿ ರುಬಿಡಿಯಂ ಅನ್ನೋ ಧಾತುವಿನ ಪರಮಾಣು ಗಡಿಯಾರ ಮೂರಿದ್ದವು. ಮೂರೂ ಕೈಕೊಟ್ಟವು.

ಪ್ರಸಾದ್ ಚಿಕ್ಕಪ್ಪ: ನೋಡು! ಮೂರಿದ್ದು ಏನು ಬಂತು? 😀

ರೇಖಾ: 😀 ಜಾಸ್ತಿ ಬೇಕು ಅಂತಾಯಿತು. ಮತ್ತೆ ಕೆಟ್ಟದ್ದು ಅಂದರೆ ತಪ್ಪು ತೋರಿಸುವುದಲ್ಲ ಚಿಕ್ಕಪ್ಪ. ದಿನಕ್ಕೆ 5 ನ್ಯಾನೊಸೆಕೆಂಡ್ ಹಿಂದೆ ಬೀಳುವ ಗಡಿಯಾರ ದಿನಾ ಅಷ್ಟೇ ಬಿದ್ದರೆ ತೊಂದರೆಯೇ ಇಲ್ಲ, ಕೂಡಿಸಿಕೊಳ್ಳಬಹುದು. ಇವತ್ತು 2, ನಾಳೆ 9 ಅಂದರೆ ಕಷ್ಟ. ಯಾವುದರ ನಡೆಯನ್ನು ಮುಂಚೆಯೇ ಹೇಳಬಹುದೋ ಅದಕ್ಕೆ ಸರಾಸರಿಯಲ್ಲಿ ತೂಕ, ಅಂದರೆ ಲೆಕ್ಕದಲ್ಲಿ ಪಾಲು, ಹೆಚ್ಚು. (ನ್ಯಾನೊ ಅಂದರೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲೊಂದು.)

ಸುಮಾ ಅತ್ತೆ: ಇಷ್ಟೆಲ್ಲ ಮಾಡಿಯೂ ನಮ್ಮ ಟೆರೇಸಿನಲ್ಲಿ 12 ಗಂಟೆಗೆ ಸೂರ್ಯ ನೆತ್ತಿಗೆ ಬರಲ್ಲವಲ್ಲೇ

ರೇಖಾ: ಅದು ಬೇರೆ ಕತೆ ಅತ್ತೆ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ. ಸುಮಾರು 20 ನಿಮಿಷ ತಡ.

ಪ್ರಸಾದ್ ಚಿಕ್ಕಪ್ಪ: ವಿಷಯಕ್ಕೆ ಬಾ. ಆಡಿಟ್‌ನಲ್ಲೇ ತಲೆ ಬೆಳ್ಳಗಾದವನು ಕೇಳುತ್ತಿದ್ದೇನೆ. ಗಡಿಯಾರದ ನಡತೆ ಅಳೆಯುವುದು ಸರಾಸರಿಯ ಎದುರಿಗೆ. ಆ ಸರಾಸರಿಯೊಳಗೆ ಅದೇ ಗಡಿಯಾರ ಕೂತಿದೆ. ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟ ಹಾಗಲ್ವಾ?

ರೇಖಾ: ಒಳ್ಳೆ ಪ್ರಶ್ನೆ. ಸುಮ್ನೆ ಹೇಳುತ್ತಿಲ್ಲ, ಇದು ನಿಜವಾದ ತಲೆನೋವು. ತೂಕ ಹೆಚ್ಚಿದ್ದ ಗಡಿಯಾರ ಸರಾಸರಿಯನ್ನೇ ತನ್ನ ಕಡೆ ಎಳೆದುಕೊಂಡು ಇನ್ನೂ ಒಳ್ಳೆಯದಾಗಿ ಕಾಣುತ್ತದೆ. ಅದಕ್ಕೇ ಒಂದು ಗಡಿಯಾರಕ್ಕೆ ಇಷ್ಟಕ್ಕಿಂತ ಜಾಸ್ತಿ ತೂಕ ಬೇಡ ಅಂತ ಮಿತಿ ಹಾಕುತ್ತಾರೆ. ಹೊರಗಿನ ತಪಾಸಣೆಯೂ ಇದೆ. ಪ್ಯಾರಿಸ್ ಹತ್ತಿರದ ಅಂತರರಾಷ್ಟ್ರೀಯ ತೂಕ-ಅಳತೆ ಬ್ಯೂರೋ ಜಗತ್ತಿನ 400ಕ್ಕೂ ಹೆಚ್ಚು ಗಡಿಯಾರಗಳನ್ನು ಸೇರಿಸಿ, ಯಾವ ದೇಶ ಎಷ್ಟು ನ್ಯಾನೊಸೆಕೆಂಡ್ ಆಚೀಚೆ ಇದೆ ಅಂತ ತಿಂಗಳಿಗೊಮ್ಮೆ ವರದಿ ಕೊಡುತ್ತದೆ.

ಪ್ರಸಾದ್ ಚಿಕ್ಕಪ್ಪ: ತಿಂಗಳ ಮಧ್ಯೆ ಏನು ಗತಿ?

ರೇಖಾ: ಅಲ್ಲೇ ಬೇರೆ ಬೇರೆ ಜಾತಿಯ ಗಡಿಯಾರ ಬೇಕಾಗೋದು. ಹೈಡ್ರೋಜನ್ ಮೇಸರ್ ಅನ್ನೋ ಪರಮಾಣು ಗಡಿಯಾರ ಗಂಟೆ, ದಿನಗಳ ಲೆಕ್ಕದಲ್ಲಿ ತುಂಬಾ ಸ್ಥಿರ, ಆದರೆ ತಿಂಗಳುಗಳು ಕಳೆದಂತೆ ಮೆಲ್ಲಗೆ ಜಾರುತ್ತದೆ. ಸೀಸಿಯಂ ಗಡಿಯಾರ ಗಂಟೆ, ದಿನಗಳಲ್ಲಿ ಸ್ವಲ್ಪ ತಡವರಿಸಿದರೂ ತಿಂಗಳುಗಳಲ್ಲಿ ದೂರ ಹೋಗಲ್ಲ. ಎರಡನ್ನೂ ಸೇರಿಸಿದರೆ ವರದಿ ಬರೋವರೆಗೆ ಧೈರ್ಯವಾಗಿರಬಹುದು.

ಶ್ರೀಧರ ಮಾವ: 👍👍

ಪ್ರಸಾದ್ ಚಿಕ್ಕಪ್ಪ: ಭಾವ, ಅಷ್ಟು ಬೇಗ ಒಪ್ಪಬೇಡಿ. ರೇಖಾ, ಆ ತೂಕದ ಮಿತಿ ಎಷ್ಟು ಅಂತ ಗೊತ್ತು ಮಾಡಿದ್ದು ಮನುಷ್ಯರೇ ತಾನೇ?

ರೇಖಾ: ಹೌದು.

ಪ್ರಸಾದ್ ಚಿಕ್ಕಪ್ಪ: ಅದನ್ನೇ ನಾನು ಆಗಲಿಂದ ಕೇಳುತ್ತಿರೋದು.