ಡಿಫೆನ್ಸಿವ್ ಕೋಆರ್ಡಿನೇಟರ್: ‘ರಕ್ಷಣಾ ಸಂಯೋಜಕ’ ಸರಿಯೇ, ‘ಉಸ್ತುವಾರಿ ಕೋಚ್’ ಆದೀತೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕಕ್ಕೆ ಹೊಸದಾಗಿ ಬರುವ ಕನ್ನಡದವರಿಗಾಗಿ ಇಲ್ಲಿನ ಫುಟ್‌ಬಾಲ್ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ), ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು), ಸೂಪರ್ ಬೌಲ್ (ಫೈನಲ್ ಪಂದ್ಯ) ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ವಿಕೆಟ್, ರನ್, ಓವರ್‌ಗಳನ್ನು ನಾವು ಒಪ್ಪಿಕೊಂಡಿಲ್ಲವೇ? ಇವೂ ನಾಲ್ಕು ಸಲ ಓದಿದರೆ ರೂಢಿಯಾಗುತ್ತವೆ. ಪೇಚಿಗೆ ಸಿಕ್ಕಿಸಿರುವುದು ಒಂದು ಹುದ್ದೆಯ ಹೆಸರು, ಡಿಫೆನ್ಸಿವ್ ಕೋಆರ್ಡಿನೇಟರ್. ಪದಕ್ಕೆ ಪದ ಇಟ್ಟು ‘ರಕ್ಷಣಾ ಸಂಯೋಜಕ’ ಅಂತ ಬರೆದರೆ ಓದುವವರ ತಲೆಯಲ್ಲಿ ಬೇರೆಯೇ ಮನುಷ್ಯ ಮೂಡುತ್ತಾನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಈ ಹುದ್ದೆಯವರ ಕೆಲಸ ಏನು ಅಂತ ಗೊತ್ತಾಗದೆ ಪದ ಹುಡುಕಿ ಪ್ರಯೋಜನವಿಲ್ಲ.

ಸಂಯೋಜಕ ಅಂದಕೂಡಲೇ ನಮಗೆ ಯಾರು ನೆನಪಾಗುತ್ತಾರೆ? ಆಹ್ವಾನ ಪತ್ರಿಕೆಯ ಕೊನೆಯಲ್ಲಿ ಹೆಸರಿರುವವರು. ಅತಿಥಿಗಳಿಗೆ ಫೋನ್ ಮಾಡಿ, ಸಭಾಂಗಣ ಗೊತ್ತು ಮಾಡಿ, ಮೈಕು ಕುರ್ಚಿ ನೋಡಿಕೊಳ್ಳುವವರು. ಶಿಕ್ಷಣ ಇಲಾಖೆಯಲ್ಲಿ ಕ್ಷೇತ್ರ ಸಮನ್ವಯಾಧಿಕಾರಿಗಳೂ ಇದ್ದಾರೆ. ಎರಡು ಪದದಲ್ಲೂ ಬೇರೆ ಬೇರೆಯವರನ್ನು ಹೊಂದಿಸಿಕೊಂಡು ಹೋಗುವ ಅರ್ಥವೇ ಮುಂದಿದೆ. ಫುಟ್‌ಬಾಲಿನ ಈ ಕೋಚ್ ಹೊಂದಿಸುವುದೂ ಉಂಟು. ಆದರೆ ಅವರನ್ನು ಇಟ್ಟುಕೊಂಡಿರುವುದು ತೀರ್ಮಾನ ತೆಗೆದುಕೊಳ್ಳಲಿ ಅಂತ.

ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಒಂದೊಂದು ತಂಡದ ಪಟ್ಟಿಯಲ್ಲಿ 53 ಆಟಗಾರರು, ಮೈದಾನದಲ್ಲಿ ಒಂದು ಕಡೆಗೆ 11 ಮಂದಿ. ಚೆಂಡು ನಮ್ಮ ಕೈಯಲ್ಲಿದ್ದಾಗ ಆಡುವ 11 ಮಂದಿ ಬೇರೆ, ಎದುರಾಳಿಯ ಕೈಗೆ ಹೋದಾಗ ಇಳಿಯುವ 11 ಮಂದಿ, ಅಂದರೆ ಡಿಫೆನ್ಸ್, ಬೇರೆ. ಕಬಡ್ಡಿಯಲ್ಲಾದರೆ ಅದೇ ಏಳು ಜನ ದಾಳಿಗೂ ಹೋಗುತ್ತಾರೆ, ಹಿಡಿಯುವುದಕ್ಕೂ ನಿಲ್ಲುತ್ತಾರೆ. ಇಲ್ಲಿ ಹಾಗಲ್ಲ. ಆದ್ದರಿಂದ ಎರಡೂ ಗುಂಪಿಗೆ ಬೇರೆ ಬೇರೆ ಕೋಆರ್ಡಿನೇಟರ್ ಇರುತ್ತಾರೆ. ಚೆಂಡು ಒದೆಯುವ ಸಂದರ್ಭಗಳಿಗೆ ಮೂರನೆಯವರೊಬ್ಬರು. ಎಲ್ಲರ ಮೇಲೆ ಹೆಡ್ ಕೋಚ್. ಡಿಫೆನ್ಸಿವ್ ಕೋಆರ್ಡಿನೇಟರ್ ಕೈಕೆಳಗೆ ಮುಂದಿನ ಸಾಲಿಗೆ ಒಬ್ಬ ಕೋಚ್, ಅವರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಿಗೆ ಒಬ್ಬರು, ಹಿಂದಿನ ಸಾಲಿಗೆ ಒಬ್ಬರು.

ವಾರವಿಡೀ ಎದುರಾಳಿಯ ಹಳೆಯ ಆಟಗಳ ವಿಡಿಯೊ ನೋಡುವುದು, ಯೋಜನೆ ಹೂಡುವುದು, ಅಭ್ಯಾಸ ಮಾಡಿಸುವುದು ಇದ್ದೇ ಇದೆ. ಪಂದ್ಯದ ದಿನ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಚೆಂಡು ಮುಂದೊಯ್ಯುವ ಒಂದು ಪ್ರಯತ್ನ ಮುಗಿದ ಮೇಲೆ ಮುಂದಿನದು ಶುರುವಾಗಲು 40 ಸೆಕೆಂಡ್ ಗಡುವು. ಎದುರಾಳಿ ಯಾರನ್ನು ಒಳಗೆ ಕಳಿಸಿದ, ಯಾರನ್ನು ಹೊರಗೆ ಕರೆಸಿಕೊಂಡ ಅಂತ ಕೋಆರ್ಡಿನೇಟರ್ ಮೊದಲು ನೋಡಬೇಕು. ಚೆಂಡು ಎಲ್ಲಿದೆ, ಎಷ್ಟನೇ ಪ್ರಯತ್ನ, ಹತ್ತು ಗಜ ತುಂಬಲು ಇನ್ನೆಷ್ಟು ಬೇಕು, ಇದೆಲ್ಲ ಲೆಕ್ಕಕ್ಕೆ ಬರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ದೊಡ್ಡ ಹಾಳೆ, ಅದರ ತುಂಬ ಸಣ್ಣ ಅಕ್ಷರದಲ್ಲಿ ಮೊದಲೇ ತಯಾರಿಸಿದ ಕರೆಗಳು, ಅಂದರೆ ಯಾರು ಏನು ಮಾಡಬೇಕು ಅನ್ನುವ ಸೂಚನೆಗಳು. ಅದರಲ್ಲಿ ಒಂದನ್ನು ಆರಿಸಿ, ತುಟಿ ಯಾರಿಗೂ ಕಾಣದಂತೆ ಅದೇ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು, ಮೈಕಿನಲ್ಲಿ ಹೇಳುತ್ತಾರೆ. ಮೈದಾನದಲ್ಲಿರುವ ಒಬ್ಬ ಡಿಫೆನ್ಸ್ ಆಟಗಾರನ ಹೆಲ್ಮೆಟ್ಟಿನಲ್ಲಿ ಮಾತ್ರ ಸ್ಪೀಕರ್ ಇರುತ್ತದೆ. ಆ ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ದನಿ ತಾನಾಗಿ ಕಡಿದುಹೋಗುತ್ತದೆ. ಅಂದರೆ ನೋಡಿ, ಆರಿಸಿ, ಹೇಳಿ ಮುಗಿಸಲು ಸುಮಾರು 25 ಸೆಕೆಂಡ್. ಆಮೇಲೆ ಹಸಿರು ಚುಕ್ಕೆಯವನು ಉಳಿದ ಹತ್ತು ಜನಕ್ಕೆ ಕೂಗಿ ಹೇಳಬೇಕು. ಇದು ಒಂದು ಪಂದ್ಯದಲ್ಲಿ ಎಷ್ಟೋ ಸಲ ನಡೆಯುತ್ತದೆ.

ಈ ರೇಡಿಯೊ ಮೊದಲಿನಿಂದ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಅದು 1994ರಲ್ಲೇ ಸಿಕ್ಕಿತು. ಡಿಫೆನ್ಸ್‌ನವರು ಮಾತ್ರ ಕೈಸನ್ನೆಯಲ್ಲೇ ನಡೆಸುತ್ತಿದ್ದರು. 2007ರ ಸೆಪ್ಟೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ನ್ಯೂಯಾರ್ಕ್ ಜೆಟ್ಸ್ ಕೋಚ್‌ಗಳ ಕೈಸನ್ನೆಯನ್ನು ವಿಡಿಯೊ ಮಾಡಿ ಸಿಕ್ಕಿಬಿತ್ತು. ಹೆಡ್ ಕೋಚ್ ಬಿಲ್ ಬೆಲಿಚಿಕ್‌ಗೆ 5 ಲಕ್ಷ ಡಾಲರ್, ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. ಮುಂದಿನ ವರ್ಷವೇ ಡಿಫೆನ್ಸ್‌ಗೂ ರೇಡಿಯೊ ಬಂತು. ಕದಿಯುವಷ್ಟು ಬೆಲೆ ಆ ಸನ್ನೆಗಳಿಗಿತ್ತು. ಸಂಯೋಜಕರ ಸನ್ನೆಯನ್ನು ಯಾರಾದರೂ ಕದಿಯುತ್ತಾರೆಯೇ?

ಈ ಹುದ್ದೆಯ ತೂಕ ತಿಳಿಯಲು ಶಿಕಾಗೊ ಬೇರ್ಸ್ ತಂಡದಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದ ಬಡ್ಡಿ ರಯನ್ ಅವರ ಕತೆ ಸಾಕು. 1981ರ ಕೊನೆಗೆ ಹೆಡ್ ಕೋಚ್ ಬದಲಾಗುವ ಸೂಚನೆ ಕಂಡಾಗ ಡಿಫೆನ್ಸ್ ಆಟಗಾರರೆಲ್ಲ ಸಹಿ ಹಾಕಿ ಮಾಲೀಕ ಜಾರ್ಜ್ ಹ್ಯಾಲಸ್‌ಗೆ ಪತ್ರ ಬರೆದರು. ನಮ್ಮ ಕೋಚ್‌ಗಳನ್ನು ಉಳಿಸಿಕೊಳ್ಳಿ ಅಂತ ಕೇಳಿಕೊಂಡರು. ಹ್ಯಾಲಸ್ ಒಪ್ಪಿದರು. ಆಮೇಲೆ ಹೆಡ್ ಕೋಚ್ ಆಗಿ ಮೈಕ್ ಡಿಟ್ಕಾ ಬಂದಾಗ ರಯನ್ ಆಗಲೇ ಅಲ್ಲಿ ಬೇರು ಬಿಟ್ಟಿದ್ದರು. 1986ರ ಜನವರಿಯಲ್ಲಿ ಬೇರ್ಸ್ 46–10ರಿಂದ ಸೂಪರ್ ಬೌಲ್ ಗೆದ್ದಾಗ ಆಟಗಾರರು ಡಿಟ್ಕಾ ಅವರ ಜೊತೆ ರಯನ್ ಅವರನ್ನೂ ಹೆಗಲ ಮೇಲೆ ಹೊತ್ತರು. ಕೈಕೆಳಗಿನ ಕೋಚ್‌ಗೆ ಇಂಥ ಮರ್ಯಾದೆ ಸಿಗುವುದು ತೀರಾ ಅಪರೂಪ.

ಇದು ಪದಗಳ ಬಗ್ಗೆ ಚರ್ಚಿಸುವ ಗುಂಪು ಅಂದಮೇಲೆ ಒಂದು ವಿಷಯ ಹೇಳಲೇಬೇಕು. ರಯನ್ ಅವರ ವ್ಯೂಹದ ಹೆಸರು ‘46’. ಡಿಫೆನ್ಸ್ ವ್ಯೂಹಗಳಲ್ಲಿ 4-3 ಅಂದರೆ ಮುಂದಿನ ಸಾಲಿನಲ್ಲಿ ನಾಲ್ಕು, ಅವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು. 3-4 ಅದರ ತಿರುಗುಮುರುಗು. ಆದರೆ 46 ಹಾಗಲ್ಲ. ಅದು ಡಗ್ ಪ್ಲ್ಯಾಂಕ್ ಅನ್ನುವ ಆಟಗಾರನ ಜೆರ್ಸಿ ಸಂಖ್ಯೆ. ಕನ್ನಡಕ್ಕೆ ತರುವಾಗ ‘ನಾಲ್ಕು-ಆರು’ ಅಂತ ಬಿಡಿಸಿ ಬರೆದರೆ ತಪ್ಪಾಗುತ್ತದೆ. ‘ನಲವತ್ತಾರು’ ಅಂತಲೇ ಓದಬೇಕು.

ಇನ್ನು ‘ರಕ್ಷಣಾ’ ಪದ. ಹಾಕಿ, ಕಬಡ್ಡಿ ವರದಿಗಳಲ್ಲಿ ‘ರಕ್ಷಣಾ ವಿಭಾಗ’ ಚೆನ್ನಾಗಿ ಓಡುತ್ತದೆ. ಅಲ್ಲಿ ನನ್ನ ತಕರಾರಿಲ್ಲ. ಆದರೆ ಹುದ್ದೆಯ ಹೆಸರಿಗೆ ಅಂಟಿಸಿದ ತಕ್ಷಣ ಅದು ರಕ್ಷಣಾ ಸಚಿವ, ರಕ್ಷಣಾ ಕಾರ್ಯದರ್ಶಿಗಳ ಸಾಲಿಗೆ ಸೇರಿಬಿಡುತ್ತದೆ. ತಲೆಬರಹದಲ್ಲಿ ‘ರಕ್ಷಣಾ ಸಂಯೋಜಕ ರಾಜೀನಾಮೆ’ ಅಂತ ಕಂಡರೆ ದೆಹಲಿಯ ಸುದ್ದಿ ಅಂದುಕೊಳ್ಳುತ್ತೇವೆ, ಅಲ್ವಾ? ಜೊತೆಗೆ ಈ ಆಟದ ಡಿಫೆನ್ಸ್ ಸುಮ್ನೆ ಕಾಯುತ್ತಾ ನಿಲ್ಲುವುದಿಲ್ಲ. 2025ರ ಫೆಬ್ರುವರಿಯ ಸೂಪರ್ ಬೌಲ್ ನೋಡಿ. ಫಿಲಡೆಲ್ಫಿಯಾ ಈಗಲ್ಸ್‌ನ ಕೋಆರ್ಡಿನೇಟರ್ ವಿಕ್ ಫ್ಯಾಂಜಿಯೊ. ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಕೋಆರ್ಡಿನೇಟರ್ ಸ್ಟೀವ್ ಸ್ಪ್ಯಾಗ್ನೊಲೊ. ಸಾಮಾನ್ಯವಾಗಿ ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಅದಕ್ಕಿಂತ ಜಾಸ್ತಿ ಜನರನ್ನು ನುಗ್ಗಿಸುವುದಕ್ಕೆ ಬ್ಲಿಟ್ಜ್ ಅನ್ನುತ್ತಾರೆ. ಸ್ಪ್ಯಾಗ್ನೊಲೊ ಹೆಸರು ಮಾಡಿದ್ದೇ ಬ್ಲಿಟ್ಜ್‌ನಿಂದ. ಫ್ಯಾಂಜಿಯೊ ಆ ದಿನ ಒಂದೇ ಒಂದು ಬ್ಲಿಟ್ಜ್ ಕರೆಯಲಿಲ್ಲ. ನುಗ್ಗಲು ನಾಲ್ವರನ್ನೇ ನೆಚ್ಚಿಕೊಂಡು ಉಳಿದವರನ್ನು ಹಿಂದೆ ಹರಡಿದರು. ಆದರೂ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕುರುಳಿದರು. ಈಗಲ್ಸ್‌ನ ಕೂಪರ್ ಡಿಜೀನ್ ಮಹೋಮ್ಸ್ ಎಸೆದ ಚೆಂಡನ್ನೇ ಕಸಿದು 38 ಗಜ ಓಡಿ ಟಚ್‌ಡೌನ್ ಮಾಡಿದರು. ಅರ್ಧ ಪಂದ್ಯಕ್ಕೆ 24–0 ಮುಂದಿದ್ದ ಈಗಲ್ಸ್ ಕೊನೆಗೆ 40–22ರಿಂದ ಗೆದ್ದಿತು. ಅಂಕವನ್ನೂ ಗಳಿಸಿಕೊಡುವ ಈ ಕೆಲಸವನ್ನು ಬರೀ ‘ರಕ್ಷಣೆ’ ಅನ್ನುವುದು ಕಡಿಮೆಯಾಗುತ್ತದೆ. ಇದೇ ಕಾರಣಕ್ಕೆ ‘ಡಿಫೆನ್ಸ್’ ಅನ್ನು ಹಾಗೇ ಇಡುವುದು ಮೇಲು ಅನ್ನಿಸಿದೆ. ಇಲ್ಲಿನ ಕ್ರೀಡಾಂಗಣದಲ್ಲಿ ಜನ ‘ಡೀ-ಫೆನ್ಸ್’ ಅಂತ ಎಳೆದು ಕೂಗುತ್ತಾರೆ. ‘ಡಿ’ ಅಕ್ಷರದ ಹಲಗೆಯೊಂದು, ಮರದ ಬೇಲಿಯ (ಇಂಗ್ಲಿಷಿನಲ್ಲಿ ‘ಫೆನ್ಸ್’) ಚಿತ್ರವೊಂದು ಎತ್ತಿ ಹಿಡಿಯುತ್ತಾರೆ. ಹೊಸದಾಗಿ ಬಂದವರ ಕಿವಿಗೆ ಅದು ಮೊದಲ ದಿನವೇ ಬೀಳುವ ಪದ.

‘ತಡೆಪಡೆ’ ಅಂತಲೂ ಯೋಚಿಸಿದೆ. ಕಿವಿಗೆ ಇಂಪಾಗಿದೆ. ಆದರೆ ಕಸಿದು ಓಡುವ ಗುಣ ಅದರಲ್ಲೂ ಇಲ್ಲ.

ಹಾಗಾದರೆ ‘ಡಿಫೆನ್ಸ್ ಕೋಚ್’? ಬೌಲಿಂಗ್ ಕೋಚ್, ಫೀಲ್ಡಿಂಗ್ ಕೋಚ್ ಅನ್ನುವುದು ನಮಗೆ ರೂಢಿಯಿದೆ. ಅಡಚಣೆ ಅಲ್ಲೇ ಇದೆ. ಬೌಲಿಂಗ್ ಕೋಚ್ ಕಲಿಸುತ್ತಾರೆ, ಆದರೆ ಯಾರಿಗೆ ಬೌಲಿಂಗ್, ಫೀಲ್ಡರ್ ಎಲ್ಲಿ ಅನ್ನುವುದು ನಾಯಕನ ಮಾತು. ಇಲ್ಲಿ ಆ ಮಾತೂ ಕೋಚಿನದೇ. ಮೇಲಾಗಿ ಕೈಕೆಳಗಿನ ಎಲ್ಲರೂ ಡಿಫೆನ್ಸ್ ಕೋಚ್‌ಗಳೇ. ಯಾರು ಮೇಲಿನವರು ಅಂತ ಗೊತ್ತಾಗುವುದಿಲ್ಲ.

ಕರೆ ಕೊಡುವುದೇ ಮುಖ್ಯ ಕೆಲಸ ಅಂತ ಅದರ ಮೇಲೆ ಪದ ಕಟ್ಟಿದರೂ ಕಷ್ಟ. ಸಿಯಾಟಲ್ ಸೀಹಾಕ್ಸ್‌ಗೆ 2024ರಲ್ಲಿ ಹೆಡ್ ಕೋಚ್ ಆಗಿ ಬಂದ ಮೈಕ್ ಮ್ಯಾಕ್‌ಡೊನಾಲ್ಡ್ ಮೊದಲು ಬಾಲ್ಟಿಮೋರ್ ರೇವನ್ಸ್‌ನಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದವರು. ಸಿಯಾಟಲ್‌ನಲ್ಲಿ ಹೆಡ್ ಕೋಚ್ ಆದರೂ ಡಿಫೆನ್ಸ್ ಕರೆಗಳನ್ನು ತಾವೇ ಇಟ್ಟುಕೊಂಡರು. ಕೋಆರ್ಡಿನೇಟರ್ ಹುದ್ದೆಯಲ್ಲಿ ಏಡನ್ ಡರ್ಡಿ ಇದ್ದರು. ಹಾಗಾಗಿ ನಮಗೆ ಬೇಕಿರುವ ಪದ ಸ್ಥಾನವನ್ನು ಹೇಳಬೇಕು, ಅಧಿಕಾರದ ಸುಳಿವು ಕೊಡಬೇಕು, ಮೇಲೆ ಇನ್ನೊಬ್ಬರಿದ್ದಾರೆ ಅನ್ನುವುದನ್ನೂ ಬಿಡಬಾರದು.

ಇದೆಲ್ಲ ಅಳೆದು ಸುರಿದು ನನಗೆ ಹಿಡಿಸಿದ್ದು ‘ಡಿಫೆನ್ಸ್ ಉಸ್ತುವಾರಿ ಕೋಚ್’. ಜಿಲ್ಲಾ ಉಸ್ತುವಾರಿ ಸಚಿವರು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೇಲೆ ಮುಖ್ಯಮಂತ್ರಿ ಇದ್ದಾರೆ, ಈ ಜಿಲ್ಲೆಯ ಮಟ್ಟಿಗೆ ಇವರನ್ನು ಕೇಳಬೇಕು, ಏನಾದರೂ ಕೆಟ್ಟರೆ ಇವರೇ ಉತ್ತರ ಹೇಳಬೇಕು. ಹೆಡ್ ಕೋಚ್ ಮತ್ತು ಕೋಆರ್ಡಿನೇಟರ್ ನಡುವೆ ಇರುವುದೂ ಇಂಥದೇ ಸಂಬಂಧ. ಇನ್ನೊಂದು ಅನುಕೂಲವೂ ಇದೆ. ಸಂಯೋಜಕ, ಸಂಯೋಜಕಿ ಅಂತ ಗಂಡು ಹೆಣ್ಣಿಗೆ ಬೇರೆ ರೂಪ ಬೇಡ. 2021ರ ಫೆಬ್ರುವರಿಯಲ್ಲಿ ಟ್ಯಾಂಪಾ ಬೇ ಬುಕನೀರ್ಸ್ ಸೂಪರ್ ಬೌಲ್ ಗೆದ್ದಾಗ ಡಿಫೆನ್ಸ್ ಮುಂಸಾಲಿನ ಸಹಾಯಕ ಕೋಚ್ ಲೋರಿ ಲೋಕಸ್ಟ್ ಅನ್ನುವ ಮಹಿಳೆ. ನಾಳೆ ಮಹಿಳೆಯೊಬ್ಬರು ಕೋಆರ್ಡಿನೇಟರ್ ಆದರೂ ಪದ ಬದಲಾಯಿಸಬೇಕಾಗಿಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ಉಸ್ತುವಾರಿ ಅಂದರೆ ಬೇರೆಯವರು ಹಾಕಿಕೊಟ್ಟ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಅಂತ ನಿಂತು ನೋಡುವುದು ಮಾತ್ರವೇ? ಅಥವಾ ಏನು ಮಾಡಬೇಕು ಅಂತ ತೀರ್ಮಾನಿಸುವ ಅರ್ಥವೂ ಅದರಲ್ಲಿದೆಯೇ? ನಿಮ್ಮ ಕಡೆ ಹೊಲ ತೋಟದ ಉಸ್ತುವಾರಿ ನೋಡಿಕೊಳ್ಳುವವರು ಯಾವ ಬೆಳೆ ಹಾಕಬೇಕು, ಯಾವಾಗ ಬಿತ್ತಬೇಕು ಅಂತ ತಾವೇ ನಿರ್ಧರಿಸುತ್ತಾರಾ, ಇಲ್ಲ ಧಣಿಗಳನ್ನು ಕೇಳಬೇಕಾ? ಕಲಬುರಗಿ, ಬೀದರ್ ಕಡೆಯವರು, ಕರಾವಳಿಯವರು, ಹಳೇ ಮೈಸೂರಿನವರು ನಿಮ್ಮ ನಿಮ್ಮ ಬಳಕೆ ಬರೆದರೆ ಉಪಕಾರವಾಗುತ್ತದೆ. ಕಬಡ್ಡಿ ಶಿಬಿರಗಳಲ್ಲಿ ಓಡಾಡಿದವರು ಗುಂಪಿನಲ್ಲಿದ್ದರೆ ಇನ್ನೊಂದು ಮಾತು ಕೇಳುತ್ತೇನೆ. ರೈಡರ್ ಬಂದಾಗ ಸರಪಳಿ ಕಟ್ಟಬೇಕೇ, ಮೂಲೆಯವನೇ ಹಿಡಿಯಬೇಕೇ ಅಂತ ಹೊರಗಿನಿಂದ ಹೇಳಿಕೊಡುವವರನ್ನು ಹುಡುಗರು ತಮ್ಮತಮ್ಮಲ್ಲಿ ಏನಂತ ಕರೆಯುತ್ತಾರೆ? ಅಂಥ ಪದ ಒಂದಿದ್ದರೆ ಉಸ್ತುವಾರಿಯನ್ನು ಬಿಟ್ಟು ಅದನ್ನೇ ಇಟ್ಟುಕೊಳ್ಳುತ್ತೇನೆ.