ಎರಡನೇ ಸಲ ಕೇಳಾವ್ರು ಯಾರು?

ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಚಾ ಅಂಗಡಿ. ಸಂಜಿ ಆರಾದ್ರೂ ಕಟ್ಟಿ ಮ್ಯಾಲ ಕೂಡ್ಲಾಕ ಆಗಲ್ಲ, ಅಷ್ಟು ಸುಡ್ತದ. ಆದ್ರೂ ನಾಲ್ಕು ಮಂದಿ ಕೂತಾರ: ರಾಜ್ಯಶಾಸ್ತ್ರ ಕಲಿಸಿ ರಿಟೈರ್ ಆದ ಅಕ್ಕೋರು, ಆಡಿಟ್ ಇಲಾಖಾದಾಗ ಹಣ್ಣಾದ ಸಾಹೇಬ್ರು, ಬೀದರದಿಂದ ಬಂದ ಮಾಮಾ, ಕೆಎಎಸ್ ಪರೀಕ್ಷಾಕ್ಕ ಓದ್ಲಾಕತ್ತ ತಮ್ಮ. ಅಂಗಡಿ ಕಾಕಾ ಐದನೇದವ. ಕೈ ಭಜಿ ಬಾಣಲಿ ಕಡಿ, ಕಿವಿ ಇವರ ಕಡಿ.

ಮಾಮಾ: ಮಿಗ್-21 ವಿಮಾನ 2025ರ ಸೆಪ್ಟೆಂಬರ್‌ದಾಗ ರಿಟೈರ್ ಆದವು. ವಾಯುಸೇನಾಕ್ಕ ಮಂಜೂರಾದ ಫೈಟರ್ ಸ್ಕ್ವಾಡ್ರನ್ (ಯುದ್ಧ ವಿಮಾನದ ತಂಡ) 42, ಉಳಿದದ್ದು 29. ದಿಲ್ಲಿದಾಗ ಐನೂರು ಚಿಲ್ಲರ ಎಂಪಿಗೋಳು ಕೂತು ಏನ್ ಮಾಡ್ತಾರ್ರಿ? ಒಬ್ಬರರೇ ಮೇಜು ಗುದ್ದಿ ಕೇಳಬಾರದಾ?

ಅಕ್ಕೋರು: ಗುದ್ಯಾರ ಮಾಮಾ, ಭಾಳ ಗುದ್ಯಾರ. ಮೇಜು ಸವದಾವ, ವಿಮಾನ ಬಂದಿಲ್ಲ.

ಸಾಹೇಬ್ರು: ದೂರ ಯಾಕ, ನಿಮ್ಮ ಬೀದರದ ಹಾಕ್ ವಿಮಾನದ್ದೇ ಫೈಲು ತಗೊಳ್ರಿ. ಪೈಲಟ್ ಆಗೋ ಹುಡುಗರಿಗಿ ಒಳ್ಳೇ ತರಬೇತಿ ಜೆಟ್ ಬೇಕಂತ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಾಗ. ಕರಾರಿಗಿ ಸಹಿ ಬಿದ್ದದ್ದು 2004ರಾಗ. 66 ವಿಮಾನ. ಅದ್ರಾಗ 24 ಇಂಗ್ಲೆಂಡ್‌ದಿಂದ ತಯಾರಾಗಿ ಬರಾವು, 42 ಬೆಂಗಳೂರು ಎಚ್‌ಎಎಲ್‌ದಾಗ ಕಟ್ಟಾವು. ಬೀದರದಾಗ ಸೇನಾಕ್ಕ ಸೇರಿದ್ದು 2008ರಾಗ. ಅಲ್ಲೀತನ ಹುಡುಗರು ಸಾದಾ ತರಬೇತಿ ವಿಮಾನ ಇಳದು ಸೀದಾ ಮಿಗ್ ಹತ್ತತಿದ್ರು.

ಮಾಮಾ: ಅಂದ್ರ ಸಹಿಗೇ 22 ವರ್ಷ! ನಡುವ ಯಾರೂ ಕೇಳಲೇ ಇಲ್ಲೇನು?

ಸಾಹೇಬ್ರು: ಕೇಳ್ಯಾರ. ಕೇಳಾದು ಸಸ್ತಾ. ಜವಾಬು ಬಂದ ಮ್ಯಾಲ ಆ ಜವಾಬು ಹಿಡಕೊಂಡು ಮತ್ತ ಕೇಳಾದು ತುಟ್ಟಿ. ಅದಕ್ಕ ಕಾಗದ ಓದಬೇಕಾಗ್ತದ.

ತಮ್ಮ: ಅದಕ್ಕೇ ಸಂಸತ್ತಿನ ಸ್ಥಾಯಿ ಸಮಿತಿ ಅದಾವಲ್ಲ ಸರ್, ಒಂದೊಂದು ಇಲಾಖಾದ ಕೆಲಸ, ಲೆಕ್ಕ ನೋಡೋ ಎಂಪಿಗೋಳ ಗುಂಪು. 1993ರಾಗ 17 ಇದ್ದವು, 2004ರಾಗ 24 ಆದವು. ರಕ್ಷಣಾಕ್ಕೊಂದು, ವಿದೇಶಾಂಗಕ್ಕೊಂದು. ಒಂದೊಂದ್ರಾಗ 31 ಮಂದಿ. ಲೋಕಸಭಾದವ್ರು 21, ರಾಜ್ಯಸಭಾದವ್ರು 10. ಮಂತ್ರಿ ಆದವ್ರು ಮೆಂಬರ್ ಆಗಂಗಿಲ್ಲ.

ಕಾಕಾ: ಮಂತ್ರಿನೇ ಇಲ್ಲಂದ್ರ ಯಾರಿಗಿ ಕೇಳ್ತಾರ?

ಅಕ್ಕೋರು: ಸೆಕ್ರೆಟರಿಗಿ. ಮಂತ್ರಿಗಿ ಸಾಕ್ಷಿ ಹೇಳ್ಲಾಕ ಕರೆಯೋ ರೂಢಿ ಇಲ್ಲ. ಮೊದಲು ಸಮಿತಿ ಕಚೇರಿಯಿಂದ ಪ್ರಶ್ನಾಗೋಳ ಪಟ್ಟಿ ಇಲಾಖಾಕ್ಕ ಹೋಗ್ತದ. ಲಿಖಿತ ಜವಾಬು ಬರ್ತದ. ಅದಾದ ಮ್ಯಾಲ ರಕ್ಷಣಾ ಕಾರ್ಯದರ್ಶಿ, ಸೇನಾದ ಉಪಮುಖ್ಯಸ್ಥರು ಬಂದು ಕೂಡ್ತಾರ. ಬಾಗಿಲು ಮುಚ್ಚಿರ್ತದ, ಟಿವಿ ಇಲ್ಲ. ಟಿವಿ ಇಲ್ಲದ್ದಕ್ಕೇ ಎಲ್ಲಾ ಪಕ್ಷದವ್ರೂ ಜರಾ ಮನುಷ್ಯರಂಗ ಮಾತಾಡ್ತಾರ. ಮಾತು ಅಕ್ಷರಕ್ಕಕ್ಷರ ಬರಕೊಂಡು, ಕರಡು ಮಾಡಿ, ಒಪ್ಪಿ, ಸದನದಾಗ ಇಡ್ತಾರ. ಒಪ್ಪದವ ಭಿನ್ನಮತದ ಟಿಪ್ಪಣಿ ಬರೀಬಹುದು.

ಮಾಮಾ: ಬಾಗಿಲು ಮುಚ್ಚಿ ಮಾತಾಡಿದ್ರ ನಮಗೇನು ಗೊತ್ತಾಗ್ತದ?

ಅಕ್ಕೋರು: ವರದಿ ಮುಚ್ಚಿರಲ್ಲಲ್ಲ. 2018ರ ಮಾರ್ಚ್‌ದಾಗ ಏನಾಯ್ತು? ಬಿ.ಸಿ. ಖಂಡೂರಿ ರಕ್ಷಣಾ ಸಮಿತಿ ಅಧ್ಯಕ್ಷರು, ತಾವೇ ಮೇಜರ್ ಜನರಲ್ ಆಗಿದ್ದವ್ರು, ಆಳೋ ಪಕ್ಷದವ್ರು. ಅವ್ರ ಮುಂದ ಭೂಸೇನಾ ಉಪಮುಖ್ಯಸ್ಥರು ಹೇಳಿದ್ರು, ನಮ್ಮ ಸಾಮಾನಿನಾಗ 68 ಪರ್ಸೆಂಟ್ ಹಳೇ ಕಾಲದ್ದು, 24 ಪರ್ಸೆಂಟ್ ಈಗಿನದ್ದು, ಅತ್ಯಾಧುನಿಕ ಅನ್ನಾದು ಬರೇ 8 ಪರ್ಸೆಂಟ್ ಅಂತ. ಆಧುನೀಕರಣಕ್ಕ ಕೊಟ್ಟದ್ದು 21,338 ಕೋಟಿ. ಆಗ್ಲೇ ನಡದಿದ್ದ 125 ಯೋಜನಾದ ಕಂತಿಗೇ ಬೇಕಾದದ್ದು 29,033 ಕೋಟಿ. ಅಂದ್ರ ಹಳೇ ಬಾಕಿ ಕಟ್ಲಾಕೇ ರೊಕ್ಕ ಸಾಲಲ್ಲ, ಹೊಸ ಬಂದೂಕಿನ ಮಾತು ದೂರ. ಇದು ಯಾವ ಗೂಢಚಾರನ ಕಾಗದ ಅಲ್ಲ ಮಾಮಾ, ಅಚ್ಚಾದ ವರದಿ. ಯಾರು ಬೇಕಾದ್ರೂ ಓದಬಹುದು.

ಮಾಮಾ: ಸಮಿತಿ ಇಷ್ಟು ಹೇಳಿದ ಮ್ಯಾಲ ಸರ್ಕಾರ ಕೇಳಲೇಬೇಕಲ್ಲ?

ಸಾಹೇಬ್ರು: ಸಮಿತಿ ಮಾತು ಸಲಹಾ. ಮದಿವಿ ಮನ್ಯಾಗ ಹಿರೇರು ಇರ್ತಾರಲ್ಲ, ಎಲ್ಲರೂ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರ, ಛತ್ರದ ಬಿಲ್ಲು ಮಾತ್ರ ಅವ್ರಿಗಿ ಯಾರೂ ತೋರ್ಸಲ್ಲ.

ತಮ್ಮ: ಆದ್ರ ಸರ್, ಮೂರು ತಿಂಗಳದಾಗ ಸರ್ಕಾರ ಕ್ರಮ ಕೈಗೊಂಡ ಜವಾಬು ಕೊಡಬೇಕು. ಅದ್ರ ಮ್ಯಾಲ ಸಮಿತಿ ಮತ್ತೊಂದು ವರದಿ ಮಾಡ್ತದ. ಶಿಫಾರಸುಗೋಳು ನಾಲ್ಕು ಗಂಟು ಕಟ್ತಾರ: ಸರ್ಕಾರ ಒಪ್ಪಿದ್ದು, ಜವಾಬು ನೋಡಿ ಸಮಿತಿನೇ ಬಿಟ್ಟದ್ದು, ಜವಾಬು ಸಾಲದು ಅಂತ ಮತ್ತ ಹೇಳಿದ್ದು, ಇನ್ನೂ ಕೊನೀ ಜವಾಬು ಬರದದ್ದು. ಆರು ತಿಂಗಳಿಗೊಮ್ಮೆ ಮಂತ್ರಿನೇ ಸದನದಾಗ ನಿಂತು, ಯಾವ ಶಿಫಾರಸು ಎಲ್ಲೀತನ ಬಂತು ಅಂತ ಹೇಳಿಕಿ ಕೊಡಬೇಕು. ಸ್ಪೀಕರ್ ನಿರ್ದೇಶನ 73ಎ.

ಸಾಹೇಬ್ರು: ಬರೋಬ್ಬರಿ. ಓದಾವ್ರು ಮೊದಲು ಮೂರನೇ ಗಂಟು ಬಿಚ್ಚಬೇಕು, ಜಗಳ ಇರಾದೇ ಅಲ್ಲಿ. ಮೊದಲನೇ ಗಂಟೂ ಪೂರಾ ನಂಬಬ್ಯಾಡ್ರಿ. "ಸಮಿತಿಯ ಅಭಿಪ್ರಾಯವನ್ನು ಗಮನಿಸಲಾಗಿದೆ" ಅಂತ ಒಂದು ಸಾಲು ಬರದ್ರೂ ಅದು ಒಪ್ಪಿದ್ದರ ಲೆಕ್ಕದಾಗ ಹೋಗಿ ಕೂಡ್ತದ. ಗಮನಿಸ್ಯಾರ, ಖರೆ. ನಾನೂ ಕಾಕಾನ ಬಾಣಲಿ ಒಂದು ತಾಸಿನಿಂದ ಗಮನಿಸ್ಲಾಕತ್ತೀನಿ.

ಕಾಕಾ: ಬಂತ್ರಿ ಸಾಹೇಬ್ರ, ಮಿರ್ಚಿ ಪರಿಶೀಲನಾದಾಗ ಅದ.

ಅಕ್ಕೋರು: ಎಲ್ಲಾಕ್ಕಿಂತ ದೊಡ್ಡ ರೋಗ ಅಂದ್ರ ಸಮಿತಿ ಆಯುಷ್ಯ. ಒಂದೇ ವರ್ಷ. ರೆವಿನ್ಯೂ ಖರ್ಚು (ಪಗಾರ, ದಿನದ ಖರ್ಚು) ಯಾವುದು, ಕ್ಯಾಪಿಟಲ್ ಖರ್ಚು (ಹೊಸ ಸಾಮಾನು) ಯಾವುದು, ಹಳೇ ಕರಾರಿನ ಕಂತು ಎಷ್ಟು ಅಂತ ಕಲಿಯಾದ್ರಾಗ ಸಮಿತಿ ಬರಖಾಸ್ತು. ಮುಂದಿನ ವರ್ಷ ಆ ಮೆಂಬರ್ ಕೃಷಿ ಸಮಿತಿದಾಗ. ಎದುರು ಕೂಡೋ ಇಲಾಖಾಕ್ಕ ಮೂವತ್ತು ವರ್ಷದ ನೆನಪು, ಕೇಳಾವ್ರಿಗಿ ಹತ್ತು ತಿಂಗಳದ್ದು. ಬೇಕಾದ ಕಾಗದ ಕೇಳೋ ಹಕ್ಕು ಸಮಿತಿಗಿ ಅದ, ಲೋಕಸಭಾದ 270ನೇ ನಿಯಮ. ಅದ್ರ ಬಾಲಕ್ಕೇ, ದೇಶದ ಸುರಕ್ಷತಾಕ್ಕ ಧಕ್ಕಿ ಅಂತ ಸರ್ಕಾರ ಕೊಡದೇ ಇರಬಹುದು ಅಂತನೂ ಅದ.

ಮಾಮಾ: ಹೋಗ್ಲಿ, ರೊಕ್ಕ ಮಂಜೂರು ಮಾಡಾಗರೇ ಹಿಡೀಬಹುದಲ್ಲ?

ಸಾಹೇಬ್ರು: 2025-26ರ ಲೆಕ್ಕ ಕೇಳ್ರಿ. ರಕ್ಷಣಾಕ್ಕ ಒಟ್ಟು 6,81,210 ಕೋಟಿ. ಅದ್ರಾಗ ಹೊಸ ಸಾಮಾನು ಗೀಮಾನು ಸೇರಿ ಕ್ಯಾಪಿಟಲ್ 1,80,000 ಕೋಟಿ, ಪಿಂಚಣಿ 1,60,795 ಕೋಟಿ. ವಿದೇಶಾಂಗ ಇಲಾಖಾಕ್ಕ ಪೂರಾ 20,517 ಕೋಟಿ. ಹೊಸ ತೋಪು ತಗೊಳ್ಳೋ ರೊಕ್ಕಕ್ಕೂ ಪಿಂಚಣಿಗೂ ಅಂತರ ಎಷ್ಟು ಕಡಿಮಿ ಅದ ನೋಡ್ರಿ. ಇದು ಒಂದು ದಿನರೇ ಕೂತು ಮಾತಾಡೋ ವಿಷಯ ಹೌದಲ್ಲೋ?

ಮಾಮಾ: ಎಷ್ಟು ತಾಸು ಮಾತಾಡ್ತಾರ?

ಅಕ್ಕೋರು: 2018ರಾಗ ಸೊನ್ನಿ. 2023ರಾಗ ಸೊನ್ನಿ. ಆ ಎರಡೂ ವರ್ಷ ಎಲ್ಲಾ ಇಲಾಖಾದ ರೊಕ್ಕದ ಬೇಡಿಕಿ ಲೋಕಸಭಾದಾಗ ಚರ್ಚಾ ಇಲ್ಲದೇ ಒಂದೇ ಏಟಿಗಿ ಪಾಸ್. ಗಿಲ್ಲೋಟಿನ್ ಅಂತಾರ ಅದಕ್ಕ. ಬ್ಯಾರೆ ವರ್ಷ ನಾಲ್ಕೈದು ಇಲಾಖಾ ಆರಿಸ್ತಾರ, ರಕ್ಷಣಾ ಅದ್ರಾಗ ಬಂದ್ರ ಪುಣ್ಯ.

ತಮ್ಮ: ಕಡಿತ ನಿರ್ಣಯ ಅದಾವಲ್ಲ ಅಕ್ಕೋರೆ. ನೀತಿನೇ ಬ್ಯಾಡ ಅಂದ್ರ ಬೇಡಿಕಿ ಒಂದು ರೂಪಾಯಿಗಿ ಇಳಸ್ರಿ ಅನ್ನಾದು, ಮಿತವ್ಯಯ ಅಂದ್ರ ಇಂತಿಷ್ಟು ಕಡಿಮಿ ಮಾಡ್ರಿ ಅನ್ನಾದು, ಸಾಂಕೇತಿಕ ಅಂದ್ರ ನೂರು ರೂಪಾಯಿ ಕಡಿಮಿ.

ಕಾಕಾ: ಆರು ಲಕ್ಷ ಕೋಟಿದಾಗ ನೂರು ರೂಪಾಯಿ? ನನ್ನ ಉದ್ರಿ ಬುಕ್ಕಿನಾಗೇ ಇದಕ್ಕಿಂತ ಜಾಸ್ತಿ ಕಡಿತ ಆಗ್ತದ, ಯಾವ ನಿರ್ಣಯನೂ ಇಲ್ಲದೇ.

ಅಕ್ಕೋರು: ಆ ನೂರು ರೂಪಾಯಿ ಬರೇ ಒಂದು ತಕರಾರು ದಾಖಲು ಮಾಡ್ಲಾಕ ಕಾಕಾ. ಆದ್ರ ಅದು ಪಾಸ್ ಆದ್ರ ಸರ್ಕಾರಕ್ಕ ಬಹುಮತ ಇಲ್ಲ ಅಂತ ಲೆಕ್ಕ. ಹಂಗಾಗಿ ಆಳೋ ಪಕ್ಷದವ್ರು ಯಾರೂ ಕೈ ಎತ್ತಂಗಿಲ್ಲ, ವಿಪ್ ಇರ್ತದ, ಅಂದ್ರ ಪಕ್ಷ ಹೇಳಿದಂಗೇ ವೋಟ್ ಹಾಕಬೇಕಂತ ಹುಕುಂ. ಗಿಲ್ಲೋಟಿನ್ ಬಿತ್ತಂದ್ರ ಆ ನೂರು ರೂಪಾಯಿ ಮಾತೂ ಇಲ್ಲ.

ಮಾಮಾ: ಅಂದ್ರ ಖರ್ಚಾದ ಮ್ಯಾಲೇ ನಿಮ್ಮ ಆಡಿಟ್‌ನವ್ರು ಬರಬೇಕು.

ಸಾಹೇಬ್ರು: (ಕುರ್ಚಿ ಮುಂದ ಎಳಕೊಂಡು) ಹಾಂ, ಈಗ ದಾರಿಗಿ ಬಂದ್ರಿ. 2017ರ ಜುಲೈದಾಗ ಸಿಎಜಿ, ಅಂದ್ರ ಸರ್ಕಾರದ ಲೆಕ್ಕ ತಪಾಸಣಾ ಮಾಡೋ ಮಹಾಲೆಕ್ಕಪರಿಶೋಧಕರ, ವರದಿ ಸದನದಾಗ ಇಟ್ರು. ಭೂಸೇನಾದ ಮದ್ದುಗುಂಡು 152 ನಮೂನಿ. ಪೂರಾ ಯುದ್ಧಕ್ಕ 40 ದಿನದ್ದು ದಾಸ್ತಾನು ಇರಬೇಕಂತ ಅಳತಿ. ಅಷ್ಟು ದಾಸ್ತಾನು ಇದ್ದದ್ದು 31 ನಮೂನಿದ್ದು ಅಷ್ಟೇ. 61 ನಮೂನಿ ಹತ್ತು ದಿನಕ್ಕೂ ಸಾಲಾವಲ್ಲ. ಅದು ಓದಿದ ಮ್ಯಾಲ ಯಾರರೇ ನಿದ್ದಿ ಮಾಡ್ತಾರೇನ್ರಿ? ಇಂಥ ವರದಿ ಲೋಕಲೆಕ್ಕ ಸಮಿತಿಗಿ ಹೋಗ್ತಾವ, ಆಡಿಟ್ ವರದಿ ನೋಡೋ ಎಂಪಿಗೋಳ ಸಮಿತಿ ಅದು. 22 ಮಂದಿ, 1967ರಿಂದ ಅಧ್ಯಕ್ಷರು ವಿರೋಧ ಪಕ್ಷದವ್ರು. ಅವ್ರು ಎಲ್ಲಾ ಪ್ಯಾರಾ ತಗೊಳ್ಳಲ್ಲ, ಕೆಲವು ಆರಿಸ್ತಾರ. ಉಳಿದದ್ದಕ್ಕ ಇಲಾಖಾ ನಾಲ್ಕು ತಿಂಗಳದಾಗ ಕ್ರಮದ ಟಿಪ್ಪಣಿ ಬರದು ಆಡಿಟ್‌ನವ್ರ ಕಡಿ ತಪಾಸಣಾಕ್ಕ ಕಳಸಬೇಕು. ಅವ್ರು ಕೆಂಪು ಗೆರಿ ಹಾಕಿ ತಿರಗಿ ಕಳಸ್ತಾರ. ಆ ಫೈಲು ಅಲ್ಲಿಂದಿಲ್ಲಿಗಿ ಓಡ್ಯಾಡಿದಷ್ಟು ಕಲಬುರಗಿ-ಬೀದರ ರೈಲೂ ಓಡ್ಯಾಡಲ್ಲ.

ತಮ್ಮ: ರಫೇಲ್ ಯುದ್ಧ ವಿಮಾನ ಕೊಳ್ಳೋ ಗದ್ದಲದ ಟೈಮ್‌ದಾಗ ಲೋಕಲೆಕ್ಕ ಸಮಿತಿ ಅಧ್ಯಕ್ಷರು ನಮ್ಮ ಎಂಪಿನೇ ಇದ್ರಲ್ಲ, ಮಲ್ಲಿಕಾರ್ಜುನ ಖರ್ಗೆಯವ್ರು.

ಅಕ್ಕೋರು: ಹೌದು. 2018ರ ಡಿಸೆಂಬರ್ 14ಕ್ಕ ಸುಪ್ರೀಂ ಕೋರ್ಟ್ ತೀರ್ಪಿನಾಗ, ಸಿಎಜಿ ವರದಿ ಲೋಕಲೆಕ್ಕ ಸಮಿತಿ ನೋಡ್ಯದ ಅಂತ ಬಂತು. ಖರ್ಗೆಯವ್ರು, ನಮ್ಮ ಸಮಿತಿಗಿ ಅಂಥ ವರದಿ ಬಂದೇ ಇಲ್ಲ ಅಂದ್ರು. ಮರುದಿನ ಸರ್ಕಾರ ತಿದ್ದುಪಡಿ ಕೇಳಿ ಕೋರ್ಟಿಗಿ ಅರ್ಜಿ ಹಾಕ್ತು. ವರದಿ ಸದನಕ್ಕ ಬಂದದ್ದು 2019ರ ಫೆಬ್ರವರಿ 13ಕ್ಕ. 36 ವಿಮಾನದ ಕರಾರು ಹಿಂದಿನ ಲೆಕ್ಕಕ್ಕಿಂತ 2.86 ಪರ್ಸೆಂಟ್ ಸಸ್ತಾ ಅಂತ ಬರದಿದ್ರು, ಆದ್ರ ರೂಪಾಯಿದಾಗ ಎಷ್ಟು ಅನ್ನಾದು ಮುಚ್ಚಿದ್ರು.

ಕಾಕಾ: ರಿಯಾಯ್ತಿ ಎಷ್ಟು ಅಂತ ಹೇಳ್ತಾರ, ರೇಟ್ ಹೇಳಲ್ಲ. ಮಸ್ತ್ ಅದ.

ಸಾಹೇಬ್ರು: ತಾರೀಖು ನೋಡ್ರಿ, ತಾರೀಖು! ಫೆಬ್ರವರಿ 13 ಅಂದ್ರ ಆ ಲೋಕಸಭಾದ ಕಡೀ ದಿನ. ಇಟ್ಟವ್ರೂ ಹೊಂಟ್ರು, ಓದಾವ್ರೂ ಹೊಂಟ್ರು. ಯಾವ ಪಕ್ಷ ಆಳಿದ್ರೂ ವರದಿಗಿ ಅಧಿವೇಶನದ ಕೊನೀ ದಿನಾನೇ ಮುಹೂರ್ತ ಕೂಡಿ ಬರ್ತದ. ಅದು ಹೆಂಗೋ!

ಮಾಮಾ: ತೋಪು ಕೊಳ್ಳೋದ್ರಾಗ ಲಂಚ ಅಂತ ಗದ್ದಲ ಆದ ಬೋಫೋರ್ಸ್‌ದಾಗರೇ ಕೇಳಿದ್ರಲ್ಲ.

ಅಕ್ಕೋರು: 1986ರ ಕರಾರು, 410 ತೋಪು. 1987ರಾಗ ಎರಡೂ ಸದನದ ಜಂಟಿ ಸಮಿತಿ ಆಯ್ತು, ಅಧ್ಯಕ್ಷರು ನಮ್ಮ ಚಿಕ್ಕೋಡಿ ಬಿ. ಶಂಕರಾನಂದ. ಮುಖ್ಯ ವಿರೋಧ ಪಕ್ಷದವ್ರು ಒಳಗ ಹೋಗಲೇ ಇಲ್ಲ, ಬಹಿಷ್ಕಾರ. ಒಳಗ ಕೂತು ಕೇಳಬೇಕಾದವ್ರು ಹೊರಗ ನಿಂತು ಕೂಗಿದ್ರ ವರದಿ ಹೆಂಗ ಬರ್ತದ? ಇದು ನನ್ನ ಅಭಿಪ್ರಾಯ, ಜಗಳ ಬ್ಯಾಡ.

ಮಾಮಾ: ವಿದೇಶದ ಒಪ್ಪಂದ ಹೇಳ್ರಿ. ಪ್ರಧಾನಿ ಹೋಗಿ ಸಹಿ ಮಾಡಿ ಬಂದ್ರ ಮುಗೀತಾ?

ಅಕ್ಕೋರು: ಹೆಚ್ಚುಕಡಿಮಿ ಮುಗೀತು. ಅಮೆರಿಕಾದಾಗ ಸೆನೆಟ್ ಒಪ್ಪಬೇಕು. ನಮ್ಮಲ್ಲಿ ಒಪ್ಪಂದ ಮಾಡಾದು, ಅನುಮೋದನಾ ಕೊಡಾದು ಎರಡೂ ಸರ್ಕಾರದ್ದೇ. ಅದು ಜಾರಿ ಮಾಡ್ಲಾಕ ಕಾನೂನು ಬೇಕಾದ್ರ ಮಾತ್ರ 253ನೇ ವಿಧಿ ಹಿಡಕೊಂಡು ಸಂಸತ್ತಿಗಿ ಬರಬೇಕು. ನೆಲ ಬಿಟ್ಟು ಕೊಡಾದಾದ್ರ ಸಂವಿಧಾನನೇ ತಿದ್ದಬೇಕು. 1960ರಾಗ ಬೇರುಬಾರಿ (ಪಾಕಿಸ್ತಾನಕ್ಕ ಕೊಡಬೇಕಂತಿದ್ದ ಬಂಗಾಳದ ಗಡಿ ಜಾಗ) ವಿಷಯಕ್ಕ ಸುಪ್ರೀಂ ಕೋರ್ಟ್ ಹಂಗೇ ಹೇಳ್ತು. ಅದಕ್ಕೇ ಬಾಂಗ್ಲಾದೇಶದ ಕೂಡ ಗಡಿ ಅದಲಿಬದಲಿ ಮಾಡಾಗ, ನಮ್ಮ 111 ತುಣುಕು ಅವ್ರಿಗಿ, ಅವ್ರ 51 ನಮಗ, 2015ರಾಗ 100ನೇ ತಿದ್ದುಪಡಿ ಆಯ್ತು. ವಿದೇಶಾಂಗ ಸಮಿತಿ ಮೊದಲೇ ಕೂತು ನೋಡಿ ವರದಿ ಕೊಟ್ಟಿತ್ತು, ಹಂಗಾಗಿ ಸದನದಾಗ ಗಲಾಟಿ ಆಗಲಿಲ್ಲ.

ತಮ್ಮ: ಅಮೆರಿಕಾದ ಕೂಡ ಅಣು ಒಪ್ಪಂದಕ್ಕ 2008ರಾಗ ವೋಟ್ ಆಯ್ತಲ್ಲ, 275-256?

ಅಕ್ಕೋರು: ಅದು ಸರ್ಕಾರದ ವಿಶ್ವಾಸಮತ, ಒಪ್ಪಂದದ ಕಲಮಿಗಿ ಹಾಕಿದ ವೋಟ್ ಅಲ್ಲ. ಪರೀಕ್ಷಾದಾಗ ಇದು ತಪ್ಪು ಬರದು ಬರಬ್ಯಾಡ.

ಮಾಮಾ: ಎಲ್ಲಾ ಬಯಲಿನಾಗ ಮಾತಾಡಿದ್ರ ವೈರಿ ಕೇಳಲ್ಲೇನ್ರಿ?

ಸಾಹೇಬ್ರು: ಅದಕ್ಕ ಗುಪ್ತ ಅಧಿವೇಶನ ಅದ, 248ನೇ ನಿಯಮ. ಸಭಾನಾಯಕರು ಕೇಳಿದ್ರ ಸ್ಪೀಕರ್ ದಿನ ಗೊತ್ತು ಮಾಡ್ತಾರ, ಗ್ಯಾಲರಿ ಖಾಲಿ. ಇಂದಿನ ತನ ಒಮ್ಮೆನೂ ಉಪಯೋಗ ಆಗಿಲ್ಲ. 1962ರಾಗ ಚೀನಾ ಗಡಿ ದಾಟಿ ಬಂದಾಗ ಆ ಮಾತು ಬಂದಿತ್ತು. ನೆಹರೂ ಒಪ್ಪಲಿಲ್ಲ. ಯುದ್ಧ ನಡದಾಗೇ ನವೆಂಬರ್ 8ಕ್ಕ ಲೋಕಸಭಾ ಕೂಡ್ತು, ಬಾಗಿಲು ತಗದು 165 ಮಂದಿ ಮಾತಾಡಿದ್ರು.

ಅಕ್ಕೋರು: ಮಾತಾಡಿದ್ರು, ಆದ್ರ ಆ ಸೋಲಿನ ಬಗ್ಗೆ ಸೇನಾ ಬರದ ಹೆಂಡರ್ಸನ್ ಬ್ರೂಕ್ಸ್ ವರದಿ ಇಂದಿನ ತನ ಸದನದಾಗ ಇಟ್ಟಿಲ್ಲ. ಕಾರ್ಗಿಲ್ ಸಮಿತಿ ವರದಿ ನೋಡ್ರಿ, 1999ರ ಜುಲೈದಾಗ ನೇಮಕ, 2000ದ ಫೆಬ್ರವರಿದಾಗ ಸದನದಾಗ. ಸೂಕ್ಷ್ಮ ಭಾಗ ತಗದೇ ಇಟ್ಟಿದ್ರು, ಆದ್ರೂ ಇಟ್ರು. ಗುಟ್ಟು ಕಾಯಬೇಕು ಅನ್ನಾದು ನೆಪ ಆದಾಗ ಹಿಡಿಯಾಕ ಇದೇ ಅಳತಿ ಸಾಕು.

ಮಾಮಾ: ಆಯ್ತು. ನನ್ನ ಪ್ರಶ್ನಾ ನಮ್ಮ ಎಂಪಿ ಕೈಲಿ ಹಾಕಸ್ತೀನಿ. ಬರಕೋ ತಮ್ಮಾ: "ವಿಮಾನ ಯಾಕ ಬಂದಿಲ್ಲ, ಎಲ್ಲೆಲ್ಲಿ ಎಷ್ಟೆಷ್ಟು ನಿಲ್ಲಿಸೀರಿ?"

ತಮ್ಮ: ಮಾಮಾ, ಗುಪ್ತ ವಿಷಯ ಕೇಳಂಗಿಲ್ಲ, 41ನೇ ನಿಯಮ. 150 ಪದದೊಳಗ ಇರಬೇಕು. 15 ಪೂರಾ ದಿನ ಮೊದಲು ಕೊಡಬೇಕು. ಮಿತ್ರ ದೇಶದ ಬಗ್ಗೆ ಅಸಭ್ಯ ಮಾತು ನಡಿಯಲ್ಲ.

ಮಾಮಾ: ಮಿತ್ರ ಅಲ್ಲದಿದ್ರ?

ಅಕ್ಕೋರು: ಅದು ಎಂಪಿಗಿ ಬಿಡ್ರಿ.

ಸಾಹೇಬ್ರು: ಎಲ್ಲಿ ನಿಲ್ಲಿಸೀರಿ ಅಂತ ಕೇಳಿದ್ರಿ ಅಂದ್ರ, "ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ" ಅಂತ ಒಂದೇ ಸಾಲಿನಾಗ ನಿಮಗ ಮನಿಗಿ ಕಳಸ್ತಾರ. ಅಚ್ಚಾದ ಕಾಗದದ ಮ್ಯಾಲೇ ಕೇಳ್ರಿ. ಸ್ಥಾಯಿ ಸಮಿತಿ ಇಂಥ ವರದಿ, ಇಂಥ ಪ್ಯಾರಾ, ಅದಕ್ಕ ಕೊನೀ ಜವಾಬು ಕೊಟ್ಟೀರೋ ಇಲ್ಲೋ, ಯಾವ ತಾರೀಖಿಗಿ? ಬಜೆಟ್ಟಿನ ಆ ತಲಿಬರಹದಾಗ ಮೂರು ವರ್ಷದಾಗ ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ವಾಪಸ್ ಹೋದದ್ದೆಷ್ಟು? ಇದಕ್ಕ ಭದ್ರತಾ ಅಂತ ಹೇಳ್ಲಾಕ ಬರಲ್ಲ, ಅವ್ರೇ ಛಾಪಿಸಿದ್ದು. ಚುಕ್ಕಿ ಪ್ರಶ್ನಾ, ಅಂದ್ರ ಮಂತ್ರಿ ಸದನದಾಗ ಬಾಯಿಲೇ ಜವಾಬು ಕೊಡಬೇಕಾದದ್ದು, ದಿನಕ್ಕ 20, ಅದೂ ಲಾಟರಿ. ಬಂದ್ರ ನಿಂತು ಉಪಪ್ರಶ್ನಾ ಕೇಳಬಹುದು. ಇಲ್ಲಂದ್ರ ಚುಕ್ಕಿ ಇಲ್ಲದ್ದು, 230ರಾಗ ಒಂದು, ಲಿಖಿತ ಜವಾಬು.

ಕಾಕಾ: "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಬರದ್ರ?

ಅಕ್ಕೋರು: ಬರೀಲಿ, ಇನ್ನೂ ಒಳ್ಳೇದು! ಹಂಗ ಬರದ್ರ ಅದು ಸದನಕ್ಕ ಕೊಟ್ಟ ಭರವಸೆ ಅಂತ ದಾಖಲಾಗ್ತದ. ಮೂರು ತಿಂಗಳದಾಗ ಪೂರಾ ಮಾಡಬೇಕು, ಇಲ್ಲಂದ್ರ ಮುದತ್ತು ಕೇಳಬೇಕು. ಭರವಸೆ ಸಮಿತಿ ಅಂತನೇ ಒಂದದ, ಅದು ಬೆನ್ನು ಹತ್ತತದ. ಎಂಪಿ ಮರೆತ್ರೂ ಆ ಪಟ್ಟಿ ಮರೆಯಲ್ಲ.

(ತಮ್ಮ ಬರದದ್ದು ಓದಿದ. ಅ, ಆ, ಇ, ಈ ಅಂತ ನಾಲ್ಕು ಭಾಗ. ಸಾಹೇಬ್ರು ಎರಡು ವಿಶೇಷಣ ಹೊಡದು ಹಾಕಿದ್ರು. ಅಕ್ಕೋರು ಒಂದು ಪ್ಯಾರಾ ನಂಬರ್ ಸೇರಿಸಿದ್ರು.)

ಮಾಮಾ: ಎಲ್ಲಾ ಸರಿ, ನನ್ನ "ಯಾಕ" ಎಲ್ಲಿ ಹೋಯ್ತು?

ತಮ್ಮ: ಕಡೀ ಭಾಗದಾಗ ಅದ ಮಾಮಾ. "ಇಲ್ಲವಾದಲ್ಲಿ, ಅದಕ್ಕೆ ಕಾರಣಗಳೇನು?" ಎಣಿಸೀನಿ, 148 ಪದ ಆಗ್ಯಾವ. ಇನ್ನೂ ಎರಡು ಪದದ ಜಾಗ ಅದ.

ಮಾಮಾ: ಹಂಗಾದ್ರ ಬರಿ: "ಯಾಕ್ರೀ, ಯಾಕ?"